ಅರಳುಮರಳಿನ ಕಾಲಂ

ಕಾಂಪೌಂಡರ್ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನ ಜಗಲಿಗೆ ಬಂದು ಕೂರುತ್ತಾರೆ. ಅವರಿಗೆ ಬೇಕಾದದ್ದು ಯಾವ ಮಿಕ್ಸ್ಚರಿಗೆ ಏನನ್ನು ಎಷ್ಟು ಹಾಕಬೇಕು ಎನ್ನುವುದು. ಅದು ಪುಸ್ತಕದಲ್ಲಿದೆ, ಹೋಗಿ ಓದಿಕೊಳ್ಳಿ ಎಂದು ಗದರುತ್ತೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ತಪ್ಪಿಸಿದರು ಎಂಬ ಪುರಾಣವೂ ಅವರಿಗೆ ಬೇಡ. ಅದನ್ನು ಕೇಳಿ ಕೇಳಿ ನನ್ನ ಹೆಂಡತಿಗೇ ಸಾಕಾಗಿದೆ. ಪುಸ್ತಕದಲ್ಲಿ ಇಲ್ಲದ್ದು ಒಂದಿದೆ. ಎದುರಿಗೆ ಕೂತ ಮುದುಕನಿಗೆ ಬಂದಿರುವುದು ಕಾಯಿಲೆಯೋ, ಬರೀ ವಯಸ್ಸೋ? ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಮೂವತ್ತು ವರ್ಷ ಔಷಧಿ ಬೆರೆಸಿದ ಮೇಲೂ ನನಗದು ತಿಳಿದಿಲ್ಲ. ಈಗ ನಾನೇ ಆ ವಯಸ್ಸಿಗೆ ಬಂದಿದ್ದೇನೆ. ತಿಳಿಯುವ ಬದಲು ಇನ್ನಷ್ಟು ಗೋಜಲಾಗಿದೆ. ಆದ್ದರಿಂದ ಇದರಲ್ಲಿ ಯಾರೂ ಉಪದೇಶ ಹುಡುಕಬೇಡಿ. ನನಗೆ ಅರ್ಥವಾಗದೆ ಉಳಿದದ್ದನ್ನು ಬರೆದಿಡುತ್ತಿದ್ದೇನೆ, ಅಷ್ಟೆ.

ನಾನು ಸೇರಿದಾಗ ನಂಜನಗೂಡಿನ ಹೊಳೆದಂಡೆಯ ಆಸ್ಪತ್ರೆಯಲ್ಲಿದ್ದ ಡಾಕ್ಟರಿಗೆ ಇಂಥ ಗೋಜಲೇ ಇರಲಿಲ್ಲ. ತಲೆ ನರೆತವರು ಯಾರೇ ಬಂದು ಏನೇ ಹೇಳಿಕೊಂಡರೂ “ವಯಸ್ಸಾಯಿತಲ್ಲಪ್ಪ” ಎನ್ನುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ “ಕೆಂಪು” ಎನ್ನುತ್ತಿದ್ದರು. ಕೆಂಪು ಎಂದರೆ ದೊಡ್ಡ ಸೀಸೆಯಲ್ಲಿ ನಾನೇ ಬೆರೆಸಿಡುತ್ತಿದ್ದ ಮಿಕ್ಸ್ಚರು. ಸಕ್ಕರೆಪಾಕ, ಸ್ವಲ್ಪ ಕಹಿ, ಮಿಕ್ಕಿದ್ದು ನೀರು ಮತ್ತು ಬಣ್ಣ. ಮಂಡಿ ನೋವಿಗೂ ಕೆಂಪು, ಮೂತ್ರ ಕಟ್ಟಿದ್ದಕ್ಕೂ ಕೆಂಪು. ಅದನ್ನು ಕುಡಿದು ಕೆಲವರು ವಾಸಿಯೂ ಆಗುತ್ತಿದ್ದರು. ಯಾಕೆ ಆಗುತ್ತಿದ್ದರು ಎಂಬುದು ನನ್ನ ವೃತ್ತಿಯ ಮೊದಲ ಗೊಂದಲ.

ಒಂದು ಸಲ ಚಿಕ್ಕಯ್ಯನಛತ್ರದಿಂದ ಒಬ್ಬ ಯಜಮಾನನನ್ನು ಮಗ ಗಾಡಿಯಲ್ಲಿ ಕರೆತಂದ. ಎರಡು ವರ್ಷದಿಂದ ಅರಳುಮರಳಂತೆ. “ಮಳೆ ಬಂತಾ ಅಂತ ಕೇಳುದ್ರೆ ಉಂಡೆ ಕಣ್ಲಾ ಅಂತಾನೆ ಬುದ್ಧಿ. ಎತ್ತ ಕಟ್ಟು ಅಂದ್ರೆ ನಗ್ತಾನೆ. ಊರು ಓಗು ಅಂತದೆ, ಕಾಡು ಬಾ ಅಂತದೆ, ಇನ್ನೇನು ಮಾಡಕಾಯ್ತದೆ?” ಎಂದ ಮಗ. ಡಾಕ್ಟರು ಕಣ್ಣೆತ್ತದೆ “ಕೆಂಪು” ಎಂದರು. ನಾನು ಸೀಸೆ ತುಂಬುತ್ತಿರುವಾಗ ಯಜಮಾನ ಕಿರುಬೆರಳನ್ನು ಕಿವಿಗೆ ಹಾಕಿ ತಿರುವುತ್ತಿದ್ದ. ಯಾಕೋ ಅನುಮಾನ ಬಂದು ಬಗ್ಗಿ ನೋಡಿದೆ. ಎರಡು ಕಿವಿಯಲ್ಲೂ ಹುಣಸೆಬೀಜದಂಥ ಗುಗ್ಗೆ. ಬಿಸಿ ಎಣ್ಣೆ ಬಿಟ್ಟು, ನೆನೆಯುವುದಕ್ಕೆ ಕೂರಿಸಿ, ಪಿಚಕಾರಿಯಿಂದ ಬಿಸಿನೀರು ಹೊಡೆದೆ. ಮಗ ಎಂದಿನ ಅಭ್ಯಾಸದಂತೆ ಅಪ್ಪನ ಕಿವಿಯ ಹತ್ತಿರ “ಏನಾದ್ರೂ ಕೇಳ್ತದಾ?” ಎಂದು ಕೂಗಿದ. ಯಜಮಾನ ಬೆಚ್ಚಿಬಿದ್ದು “ಯಾಕ್ಲಾ ಇಂಗೆ ಅರಚ್ಕೊತೀಯೆ, ನಾನೇನು ಗದ್ದೆ ಆಚೆಗಿದ್ದೀನಾ?” ಎಂದ. ಎರಡು ವರ್ಷದ ಅರಳುಮರಳು ಒಂದು ಬಟ್ಟಲು ನೀರಿನಲ್ಲಿ ತೊಳೆದುಹೋಗಿತ್ತು. ಮಗ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಡಾಕ್ಟರು ಮಾತ್ರ “ಇರಲಿ, ಕೆಂಪನ್ನೂ ಕೊಡು” ಎಂದರು. ಹೊಸಬರಿಗೆ ನಾನು ಖಚಿತವಾಗಿ ಹೇಳಬಲ್ಲ ಮಾತು ಇದೊಂದೇ: ಮುದುಕರಿಗೆ ಬುದ್ಧಿ ಹೋಯಿತು ಎಂದು ಯಾರಾದರೂ ಅಂದರೆ ಮೊದಲು ಕಿವಿ ನೋಡಿ.

ಪ್ಲೇಗು ಸ್ವಲ್ಪ ತಣ್ಣಗಾದ ವರ್ಷಗಳಲ್ಲಿ ಹೊಸ ಮೇಲಧಿಕಾರಿ ಬಂದರು. ಮದರಾಸಿನಲ್ಲಿ ಓದಿದವರು, ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೈ. ನಾವೆಲ್ಲ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಮೈಸೂರಿನಲ್ಲಿದ್ದುಕೊಂಡು ವರ್ಷಕ್ಕೊಮ್ಮೆ ನಮ್ಮ ಕಡೆ ಬಂದು ಹತ್ತು ಹದಿನೈದು ದಿನ ಶಿಬಿರ ಹಾಕಿ, ಕಣ್ಣಿನ ಪೊರೆ ತೆಗೆಯುತ್ತಿದ್ದರು. ಅವರಿಗೆ “ವಯಸ್ಸಾಯಿತು” ಎಂಬ ಮಾತು ಕೇಳಿದರೆ ಸಿಟ್ಟು. “ಮುಪ್ಪು ಅನ್ನುವುದು ಕಾಯಿಲೆಯ ಹೆಸರಲ್ಲ. ಅದರ ಕೆಳಗೆ ಏನೋ ಅಡಗಿರುತ್ತೆ. ಹುಡುಕಬೇಕು” ಎನ್ನುತ್ತಿದ್ದರು. ಹುಡುಕುವುದಕ್ಕೆಂದು ಒಂದು ದೊಡ್ಡ ರಿಜಿಸ್ಟರು ಹೊಲಿಸಿ ನನ್ನ ಕೈಗೆ ಕೊಟ್ಟರು. ಹಳ್ಳಿಗಳಿಗೆ ಹೋಗಿ ಅರವತ್ತು ದಾಟಿದವರನ್ನೆಲ್ಲ ಪರೀಕ್ಷಿಸಿ, ವಯಸ್ಸು, ದೃಷ್ಟಿ, ಕಿವಿ, ನಡಿಗೆ, ಬುದ್ಧಿ ಎಂದು ಕಾಲಂ ತುಂಬಬೇಕು. ಮುದುಕರ ಮೇಲೆ ಒಂದು ಸಂಶೋಧನೆ ಬರೆಯಬೇಕೆಂಬುದು ಅವರ ಆಸೆ. ಹೊರಡುವಾಗ ನನಗೂ ಬಹಳ ಉತ್ಸಾಹವಿತ್ತು.

ವಯಸ್ಸಿನ ಕಾಲಮಿನಲ್ಲೇ ಗಾಡಿ ಹೂತಿತು. ಯಾರಿಗೂ ತಮ್ಮ ವಯಸ್ಸು ಗೊತ್ತಿಲ್ಲ. ಕೇಳಿದರೆ “ನೀವೇ ಒಂದಷ್ಟು ಆಕ್ಕೊಳಿ ಬುದ್ಧಿ” ಎನ್ನುತ್ತಿದ್ದರು. ಕೊನೆಗೆ ನಾನೊಂದು ಉಪಾಯ ಮಾಡಿದೆ. ದೊಡ್ಡ ಬರದ ವರ್ಷ ಏನು ಮಾಡುತ್ತಿದ್ದೆ ಎಂದು ಕೇಳುವುದು. ಮಡಿಲಲ್ಲಿ ಕೂಸಿತ್ತು ಎಂದರೆ ಒಂದು ಲೆಕ್ಕ, ಏರು ಹೂಡುತ್ತಿದ್ದೆ ಎಂದರೆ ಇನ್ನೊಂದು ಲೆಕ್ಕ. ಉಪಾಯವೇನೋ ಚೆನ್ನಾಗಿತ್ತು. ಆದರೂ ಹೆಮ್ಮರಗಾಲದ ಒಂದೇ ಮನೆಯಲ್ಲಿ ಅಪ್ಪನಿಗೆ ಅರವತ್ತನಾಲ್ಕು, ಮಗನಿಗೆ ಅರವತ್ತೆರಡು ಬಂತು. ದೊಡ್ಡ ಡಾಕ್ಟರು ಆ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ನಡಿಗೆಯ ಪರೀಕ್ಷೆ ಇನ್ನೂ ಚೆಂದ. ಜಗಲಿಯಿಂದ ಕೈಯೂರದೆ ಎದ್ದು, ಮರದ ಬುಡದಿಂದ ಬಾವಿಕಟ್ಟೆಯವರೆಗೆ ನಡೆದು ಬರಬೇಕು. ಚಿಕ್ಕಯ್ಯನಛತ್ರದ ಕಡೆ ಒಬ್ಬನೂ ನೆಟ್ಟಗೆ ನಡೆಯಲಿಲ್ಲ. ಒಬ್ಬ ಕುಂಟಿದ, ಒಬ್ಬ ಸೊಂಟ ಹಿಡಿದುಕೊಂಡ, ಒಬ್ಬ ಅರ್ಧ ದಾರಿಯಲ್ಲೇ ಕೂತುಬಿಟ್ಟ. ಹೆಮ್ಮರಗಾಲದಲ್ಲಿ ನೋಡಿದರೆ ಕೋಲೂರಿ ಬಂದವರೂ ಕೋಲು ಬಿಸಾಕಿ ದಾಪುಗಾಲು ಹಾಕಿದರು. ಎರಡು ಸೀಮೆಗೆ ಇಷ್ಟೊಂದು ವ್ಯತ್ಯಾಸವೇ ಎಂದು ದೊಡ್ಡ ಡಾಕ್ಟರು ಬೆರಗಾಗಿ, ಎರಡೂ ಕಡೆಯ ಬಾವಿ ನೀರನ್ನು ಸೀಸೆಯಲ್ಲಿ ತುಂಬಿಸಿ ಪರೀಕ್ಷೆಗೆ ಕಳಿಸಿದರು. ನಿಜ ಸಂಗತಿ ನನಗೆ ತಿಳಿದದ್ದು ತಿಂಗಳಾದ ಮೇಲೆ. ಕೈಲಾಗದ ಮುದುಕರಿಗೆ ಅರಮನೆಯಿಂದ ಅಕ್ಕಿ ಕೊಡುತ್ತಾರೆ ಎಂದು ಛತ್ರದ ಕಡೆ ಸುದ್ದಿ ಹಬ್ಬಿತ್ತು. ಕೈಲಾಗದವರನ್ನು ಪ್ಲೇಗಿನ ಷೆಡ್ಡಿಗೆ ಎತ್ತಿ ಹಾಕುತ್ತಾರೆ ಎಂದು ಹೆಮ್ಮರಗಾಲದ ಕಡೆ ಹಬ್ಬಿತ್ತು. ಹಾಗಾದರೆ ನಾನು ಬರೆದುಕೊಂಡದ್ದು ಕಾಲಿನ ಶಕ್ತಿಯನ್ನೋ, ಸುದ್ದಿಯ ಶಕ್ತಿಯನ್ನೋ? ಇದನ್ನು ದೊಡ್ಡ ಡಾಕ್ಟರಿಗೆ ಹೇಳುವ ಧೈರ್ಯ ಬರುವುದಕ್ಕೆ ನನಗೆ ಮೂರು ದಿನ ಬೇಕಾಯಿತು.

ಬುದ್ಧಿಯ ಕಾಲಂ ಕೊನೆಯದು. ಅದಕ್ಕೆ ಪ್ರಶ್ನೆಗಳನ್ನು ಅವರೇ ಬರೆದುಕೊಟ್ಟಿದ್ದರು. ನಿನ್ನ ಊರು ಯಾವುದು, ಇದು ಯಾವ ತಿಂಗಳು, ನಿನ್ನ ಗಂಡನ ಅಥವಾ ಹೆಂಡತಿಯ ಹೆಸರೇನು, ಹೀಗೆ. ಸುಳಿವು ಕೊಡಬಾರದು, ಸುಮ್ಮನಿದ್ದರೆ ಸೊನ್ನೆ ಹಾಕಬೇಕು ಎಂದು ಕಟ್ಟಪ್ಪಣೆ. ಬದನವಾಳಿನ ಒಬ್ಬ ಅಜ್ಜಿಗೆ ಗಂಡನ ಹೆಸರು ಕೇಳಿದೆ. ನಾಚಿಕೊಂಡು ಸೆರಗು ಕಚ್ಚಿ, “ಅದೇ ಕಣಪ್ಪ, ನಮ್ಮ ಒಳೆದಂಡೆ ಸಾಮಿ ಎಸ್ರು” ಎಂದಳು. ನಂಜುಂಡ ಎಂದು ನನಗೆ ಗೊತ್ತಾಯಿತು. ಗಂಡನ ಹೆಸರನ್ನು ಬಾಯಲ್ಲಿ ಆಡುವವಳು ನಮ್ಮಲ್ಲಿ ಯಾರಿದ್ದಾಳೆ? ಆದರೂ ಅಪ್ಪಣೆ ಅಪ್ಪಣೆಯೇ ಎಂದು ಸೊನ್ನೆ ಹಾಕಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನನ್ನದು. ಪಟ್ಟಿ ನೋಡಿದ ದೊಡ್ಡ ಡಾಕ್ಟರು ಗಾಬರಿಯಾಗಿ, “ಏನಯ್ಯಾ ಇದು, ಈ ತಾಲ್ಲೂಕಿನ ಹೆಂಗಸರಿಗೆಲ್ಲ ನೆನಪು ಹೋಗಿದೆಯಾ?” ಎಂದರು. ನಾನು ನಗು ತಡೆದುಕೊಂಡು ಪದ್ಧತಿ ವಿವರಿಸಿದೆ. ಅವರೂ ನಕ್ಕು, “ನಿಮ್ಮ ಜನ ನಿನಗೇ ಗೊತ್ತು. ಇದರ ಬದಲು ಹೆಂಗಸರಿಗೆ ಬೇರೆ ಯಾವ ಪ್ರಶ್ನೆ ಕೇಳೋಣ?” ಎಂದರು.

“ಮಕ್ಕಳೆಷ್ಟು ಎಂದು ಕೇಳೋಣ ಸಾರ್. ಯಾವ ತಾಯಿಗೆ ತನ್ನ ಮಕ್ಕಳ ಲೆಕ್ಕ ಮರೆಯುತ್ತೆ?” ಎಂದೆ.

ಅವರು ಮೆಚ್ಚಿ ತಮ್ಮ ಕೈಯಾರೆ ಆ ಪ್ರಶ್ನೆಯನ್ನು ಪಟ್ಟಿಗೆ ಸೇರಿಸಿದರು. ದೊಡ್ಡವರು ನನ್ನ ಸಲಹೆ ಕೇಳಿದರು ಎಂದು ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಈ ಹಾಳು ಪ್ರಶ್ನೆ ನನ್ನದು ಎಂಬುದನ್ನು ಓದುವವರು ನೆನಪಿಡಬೇಕು. ಬೇರೆ ಯಾರ ತಲೆಗೂ ಇದನ್ನು ಕಟ್ಟುವ ಹಾಗಿಲ್ಲ.

ಬುದ್ಧಿಯ ಪರೀಕ್ಷೆಗೂ ಕಣ್ಣಿನ ಶಿಬಿರಕ್ಕೂ ಏನು ಸಂಬಂಧ ಎಂದರೆ, ಪೊರೆ ತೆಗೆದ ಮೇಲೆ ರೋಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಐದಾರು ದಿನ ಅಂಗಾತ ಮಲಗಿರಬೇಕಿತ್ತು. ತಲೆ ಹೊರಳದಂತೆ ಎರಡು ಪಕ್ಕಕ್ಕೂ ಮರಳಿನ ಚೀಲ. ಅಗಿಯಬಾರದು, ಕೆಮ್ಮಬಾರದು. ಹಿಂದಿನ ಶಿಬಿರದಲ್ಲಿ ಇಬ್ಬರು ಮುದುಕರು ದಿಕ್ಕುತಪ್ಪಿದವರಂತೆ ಎದ್ದು ಪಟ್ಟಿ ಕಿತ್ತುಕೊಂಡು ಕಣ್ಣು ಕಳೆದುಕೊಂಡಿದ್ದರು. ಅದಕ್ಕೇ ದೊಡ್ಡ ಡಾಕ್ಟರು, ಬುದ್ಧಿ ತಿಳಿನೀರಿನ ಹಾಗೆ ಇರುವವರನ್ನು ಮಾತ್ರ ತೆಗೆದುಕೊಳ್ಳೋಣ ಎಂದು ನಿಯಮ ಮಾಡಿದರು. ಒಂದೇ ಪ್ರಶ್ನೆಗಳನ್ನು ಮೂರು ಸಲ ಬೇರೆ ಬೇರೆ ದಿನ ಕೇಳುವುದು. ಉತ್ತರ ಬದಲಾದರೆ ಹೆಸರು ಹೊಡೆದುಹಾಕುವುದು.

ಹೆಮ್ಮರಗಾಲದ ದೊಡ್ಡತಾಯಮ್ಮ ಬಂದದ್ದು ಆ ವರ್ಷ. ಎರಡು ಕಣ್ಣಿಗೂ ಪೊರೆ ಬಲಿತು ಬೆಳ್ಳಗಾಗಿತ್ತು. ಬೆಳಕು ಮಾತ್ರ ಕಾಣುತ್ತಿತ್ತು. ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು. ಮಗ ಕೆಂಪಯ್ಯ ಕೈ ಹಿಡಿದು ಕರೆತಂದಿದ್ದ. “ಒಲೆ ಮುಂದೆ ಕೂರುಸ್ತಾರೆ ಕಣಪ್ಪ, ಬೆಂಕಿ ಎಲ್ಲದೆ ಅಂತ ಮೈ ಸುಟ್ಕಂಡೇ ತಿಳ್ಕೋಬೇಕು” ಎಂದು ಮುಂಗೈ ಚಾಚಿದಳು. ಅಲ್ಲಿ ಸುಟ್ಟ ಕಲೆಗಳು ಒಂದರ ಪಕ್ಕ ಒಂದು ಇದ್ದವು. ಊರು, ತಿಂಗಳು, ಸಂತೆಯ ದಿನ ಎಲ್ಲವನ್ನೂ ಪಟಪಟನೆ ಹೇಳಿದಳು. ಮಕ್ಕಳೆಷ್ಟು ಎಂದೆ. “ಮೂವರು” ಎಂದಳು.

ಎರಡು ದಿನ ಬಿಟ್ಟು ಆಸ್ಪತ್ರೆಯ ಜಗಲಿಯಲ್ಲಿ ಒಬ್ಬಳೇ ಕೂತಿದ್ದಾಗ ಮತ್ತೆ ಕೇಳಿದೆ. “ಒಂಬತ್ತು ಕಣಪ್ಪ” ಎಂದಳು.

ನನಗೆ ಕಸಿವಿಸಿಯಾಯಿತು. ಮೂರನೆಯ ಸಲ ಕೇಳುವಾಗ ದನಿ ಏರಿತು. “ನೋಡಮ್ಮ, ಇದು ಸರ್ಕಾರದ ಪುಸ್ತಕ. ಒಂದು ಸಲ ಒಂದು ಹೇಳಬಾರದು. ಸರಿಯಾಗಿ ಹೇಳು, ಮಕ್ಕಳೆಷ್ಟು?”

ಅವಳು ಬೆರಳು ಮಡಚಿ ಏನೋ ಎಣಿಸಿದಳು. “ಸರ್ಕಾರುದ್ದಾ? ಅಂಗಾರೆ ಏಳು ಅಂತ ಬರ್ಕಳಪ್ಪ” ಎಂದಳು.

ಮೂರು, ಒಂಬತ್ತು, ಏಳು. ಪಾಪ ಎನಿಸಿತು. ತನ್ನ ಹೊಟ್ಟೆಯಲ್ಲಿ ಹುಟ್ಟಿದವರ ಲೆಕ್ಕವೇ ತಪ್ಪಿದವಳು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಐದು ದಿನ ಹೇಗೆ ಮಲಗಿದ್ದಾಳು? ಅವಳ ಕಣ್ಣು ಉಳಿಸುವುದಕ್ಕೇ ಎಂದು ನಂಬಿ ಅರಳುಮರಳಿನ ಕಾಲಮಿನಲ್ಲಿ ಗುರುತು ಹಾಕಿ ಹೆಸರು ಹೊಡೆದೆ. ಸುದ್ದಿ ಹೇಳಿದಾಗ ಅವಳು ಅಳಲಿಲ್ಲ. “ಇನ್ನೊಂದು ಕಿತ ಕೇಳು ಮಗಾ, ನೀ ಯೋಳುದ ಲೆಕ್ಕಾನೇ ಯೋಳ್ತೀನಿ” ಎಂದಳು. ಅದು ನಿಯಮದಲ್ಲಿ ಇಲ್ಲ ಎಂದೆ. ಕೆಂಪಯ್ಯ ಅವಳ ಕೈ ಹಿಡಿದು ಮೆಟ್ಟಿಲಿಳಿಸಿದ.

ಮುಂದಿನ ವರ್ಷದ ಹೊತ್ತಿಗೆ ನನಗೆ ನರಸೀಪುರಕ್ಕೆ ವರ್ಗವಾಗಿತ್ತು. ಶಿಬಿರವೂ ಅಲ್ಲೇ ಎಂದು ಗೊತ್ತಾಯಿತು. ಮೊದಲ ದಿನವೇ ಸಾಲಿನಲ್ಲಿ ದೊಡ್ಡತಾಯಮ್ಮನನ್ನು ಕಂಡೆ. ಎಡಗಣ್ಣು ಕುಗ್ಗಿ ಗುಳಿಬಿದ್ದಿತ್ತು. ಆಗೆಲ್ಲ ಸೂಜಿಯಿಂದ ಚುಚ್ಚಿ ಪೊರೆಯನ್ನು ಕಣ್ಣಿನೊಳಕ್ಕೇ ತಳ್ಳುವ ಅಲೆಮಾರಿ ವೈದ್ಯರು ಊರೂರು ತಿರುಗುತ್ತಿದ್ದರು. ನಾವು ಬೇಡ ಎಂದ ಮೇಲೆ ಅವಳು ಅಂಥವನೊಬ್ಬನ ಮುಂದೆ ಕೂತಿದ್ದಳು. ಮೂರು ದಿನ ಮಂಜುಮಂಜಾಗಿ ಕಂಡಿತಂತೆ, ನಾಲ್ಕನೆಯ ದಿನ ಕೀವು. ಬಲಗಣ್ಣಿನಲ್ಲಿ ಪೊರೆ ಹಾಗೇ ಇತ್ತು. ಅದಿನ್ನೂ ಉಳಿಯುವ ಕಣ್ಣು. ಉಳಿದದ್ದು ಅದೊಂದೇ.

ನನಗೆ ಅವಳೆದುರು ನಿಲ್ಲಲಾಗಲಿಲ್ಲ. ಪ್ರಶ್ನೆಯ ಪಟ್ಟಿಯನ್ನು ಆಸ್ಪತ್ರೆಯ ಆಯಾ ಸಾಕಮ್ಮನ ಕೈಗೆ ಕೊಟ್ಟೆ. ಅವಳಿಗೆ ಓದು ಬರದಿದ್ದರೂ ಬೆಳಗಿನಿಂದ ಸಾಲಿನಲ್ಲಿ ಕೇಳಿ ಕೇಳಿ ಪ್ರಶ್ನೆಗಳು ಬಾಯಿಪಾಠವಾಗಿದ್ದವು. ಅರ್ಧ ಗಂಟೆಯಾದ ಮೇಲೆ ಸಾಕಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು.

“ಏನು ಸಾಮಿ, ಓದೊರ್ಸ ಆ ಅಮ್ಮುಂಗೆ ಲೆಕ್ಕ ಬರಕಿಲ್ಲ ಅಂತ ಓಡ್ಸಿದ್ರಂತೆ?”

“ಮೂರು ಸಲ ಮೂರು ಲೆಕ್ಕ ಹೇಳಿದಳು ಸಾಕಮ್ಮ.”

“ಮೂರೂ ಸರಿಯಾಗೇ ಅವೆ. ಮೊದಲ ದಿನ ಮಗ ಪಕ್ಕದಾಗೇ ನಿಂತಿದ್ನಂತೆ. ಇರೋ ಮಗನ ಮುಂದೆ ಸತ್ತೋರ ಎಣಿಸ್ತಾರಾ ಯಾರಾದ್ರೂ? ಅದ್ಕೇ ಇರೋ ಮೂವರನ್ನ ಯೋಳವ್ಳೆ. ಒಬ್ಳೇ ಇದ್ದಾಗ ಕೇಳಿದ್ರಿ, ತಾನು ಎತ್ತ ಒಂಬತ್ತು ಮಕ್ಳನ್ನೂ ಯೋಳವ್ಳೆ. ಆಮ್ಯಾಕೆ ನೀವು ಸರ್ಕಾರದ ಪುಸ್ತಕ ಅಂತ ಗದರ್ಸಿದ್ರಂತೆ. ಎರಡು ಕೂಸು ಎಸ್ರಿಡಾಕೆ ಮುಂಚೇನೇ ಓದ್ವು. ಎಸ್ರೇ ಇಲ್ದಿದ್ ಕೂಸ ಸರ್ಕಾರದ ಪುಸ್ತಕಕ್ಕೆ ಎಂಗೆ ಬರಸೋದು ಅಂತ, ಅವೆರಡ ಬುಟ್ಟು ಏಳು ಅಂದವ್ಳೆ. ನೀವು ಗಂಡಸ್ರು ಎಷ್ಟು ಮಕ್ಳು ಅಂತ ಕೇಳ್ತೀರಿ. ಯಾವ ಮಕ್ಳು ಅಂತ ಕೇಳಕಿಲ್ಲ.”

ನಾನು ಅಲ್ಲೇ ಔಷಧಿ ಮೇಜಿನ ಹತ್ತಿರ ಕೂತುಬಿಟ್ಟೆ. ನಾಚಿಕೆಯಾಯಿತು. ಅವಳ ಒಂದು ಕಣ್ಣು ಹೋದದ್ದು ಅಲೆಮಾರಿಯ ಸೂಜಿಯಿಂದ ಎಂದು ಊರೆಲ್ಲ ಹೇಳುತ್ತದೆ. ಅವನ ಮುಂದೆ ಅವಳನ್ನು ಕೂರಿಸಿದ್ದು ನನ್ನ ಲೇಖನಿ. ದೊಡ್ಡ ಡಾಕ್ಟರ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಇರುವ ಒಂದು ಕಣ್ಣಿಗೆ ಕೈ ಹಾಕುವುದು ಅಪಾಯ. ಕೆಟ್ಟರೆ ಪೂರ್ತಿ ಕತ್ತಲೆ. ಅವಳನ್ನೇ ಕೇಳು” ಎಂದರು. ಕೇಳಿದೆ. “ಈಗೇನು ಬೆಳದಿಂಗಳದಾ? ಮಾಡಪ್ಪ” ಎಂದಳು.

ಶಸ್ತ್ರಚಿಕಿತ್ಸೆ ಸಲೀಸಾಗಿ ಆಯಿತು. ಕಣ್ಣು ಮರಗಟ್ಟಿಸುವ ಕೊಕೇನ್ ಹನಿ ಹಾಕಿದ ಮೇಲೆ ಅವಳು ಉಸಿರನ್ನೂ ಅಳತೆ ಮಾಡಿ ಬಿಟ್ಟಳು. ಪಟ್ಟಿ ಕಟ್ಟಿ ಮಲಗಿಸಿ, ಎರಡು ಪಕ್ಕ ಮರಳಿನ ಚೀಲ ಇಟ್ಟೆವು. ಧೂಳು ಬರುತ್ತದೆಂದು ಮನೆಯವರನ್ನು ಒಳಗೆ ಬಿಡುವ ಹಾಗಿರಲಿಲ್ಲ. ಕೆಂಪಯ್ಯ ಹೊಳೆಯ ಕಡೆಯ ಮಂಟಪದಲ್ಲಿ ಇಳಿದುಕೊಂಡು, ಹಗಲೆಲ್ಲ ಕಿಟಕಿಯ ಹೊರಗೆ ನಿಂತಿರುತ್ತಿದ್ದ. ಎರಡು ದಿನ ನೆಮ್ಮದಿಯಾಗಿ ಕಳೆಯಿತು.

ಮೂರನೆಯ ದಿನ ಮಧ್ಯಾಹ್ನ ಸಾಕಮ್ಮ ಓಡಿಬಂದಳು. ದೊಡ್ಡತಾಯಮ್ಮ ಹೊದಿಕೆಯ ಅಂಚನ್ನು ಕಿತ್ತು ಕಿತ್ತು ಹಾಕುತ್ತಿದ್ದಳು. ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು. “ಮಾದಾ, ಎಲ್ಲೋದೆ ಮಗಾ? ಬಿಸ್ಲು ಏರ್ತಾ ಅದೆ, ಬಾ” ಎಂದು ಕರೆಯುತ್ತಿದ್ದಳು. ಆಮೇಲೆ “ಸಿದ್ದೀ” ಎಂದಳು. ಆಮೇಲೆ “ನಂಜಾ, ಚೆನ್ನೀ”. ಆ ನಾಲ್ವರೂ ಹೋಗಿ ಎಷ್ಟೋ ವರ್ಷವಾಗಿತ್ತು. ಇಬ್ಬರು ದೊಡ್ಡ ಬರದಲ್ಲಿ, ಇಬ್ಬರು ಅದರ ಹಿಂದೆಯೇ ಬಂದ ಜ್ವರದಲ್ಲಿ. ಹುಡುಕುವುದಕ್ಕೆ ಏಳಬೇಕೆಂದು ಮೊಣಕೈ ಊರುತ್ತಿದ್ದಳು. ಪಟ್ಟಿಯ ಕಡೆಗೆ ಕೈ ಹೋಗುತ್ತಿತ್ತು.

ಕಿಟಕಿಯಾಚೆ ಕೆಂಪಯ್ಯನ ಮುಖ ಬಿಳಿಚಿತ್ತು. “ಕರ್ಕೊಂಡೋಗಾಕೆ ಬಂದವ್ರೆ ಸಾಮಿ. ಸತ್ತೋರೆಲ್ಲ ಬಂದವ್ರೆ. ಅವ್ವನ್ನ ಬುಟ್ಬುಡಿ, ಊರಿಗೋತೀವಿ, ಪರಸ್ಥಳದಾಗೆ ಸಾಯೋದು ಬ್ಯಾಡ” ಎಂದು ಬಾಗಿಲಿಗೆ ಬಂದ. ಈಗ ಅವಳನ್ನು ಗಾಡಿಗೆ ಹತ್ತಿಸಿದರೆ ಆ ಕಣ್ಣೂ ಮುಗಿಯಿತು. ಅವನ ತೋಳು ಹಿಡಿದು “ಎರಡು ದಿನ ಕೊಡಪ್ಪ, ನಿನ್ನ ಕಾಲು ಹಿಡಿಯುತ್ತೇನೆ” ಎಂದೆ. ನಾನು ರೋಗಿಯ ಮನೆಯವರ ಹತ್ತಿರ ಅಂಥ ಮಾತಾಡಿದ್ದು ಅದೇ ಮೊದಲು. ಅವನು ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ.

ದೊಡ್ಡ ಡಾಕ್ಟರು ಬಂದು ನಾಡಿ ನೋಡಿದರು. “ಕಣ್ಣಿಗೆ ಹಾಕುವ ಅಟ್ರೋಪಿನ್ ಹನಿ ಗಂಟಲಿಗಿಳಿದರೂ ಮುದುಕರು ಹೀಗೆ ಬಡಬಡಿಸುತ್ತಾರೆ. ಹನಿ ಎಷ್ಟು ಹಾಕುತ್ತಿದ್ದೀಯೆ?” ಎಂದರು. ಹನಿಯನ್ನು ಬೆರೆಸಿದ್ದೂ ನಾನೇ, ಹಾಕುತ್ತಿದ್ದವನೂ ನಾನೇ. ಅಳತೆ ಸರಿಯಾಗಿಯೇ ಇತ್ತು ಎಂದು ಈಗಲೂ ನಂಬಿದ್ದೇನೆ, ಆಣೆ ಮಾಡಲಾರೆ. “ಇಲ್ಲವೇ ಕಣ್ಣು ಕಟ್ಟಿದ್ದರಿಂದಲೂ ಇರಬಹುದು. ಇಲ್ಲವೇ ನೀನು ಹೋದ ವರ್ಷ ಬರೆದದ್ದೇ ನಿಜವಿರಬಹುದು” ಎಂದರು. ಹನಿ ನಿಲ್ಲಿಸಿ, ಚಮಚದಲ್ಲಿ ನೀರು ಕುಡಿಸುತ್ತಿರಿ, ಏಳದಂತೆ ಕೈಗಳನ್ನು ಮಂಚಕ್ಕೆ ಕಟ್ಟಿ ಎಂದು ಹೇಳಿ ಮುಂದಿನ ರೋಗಿಯ ಕಡೆ ಹೋದರು.

ನಾನು ಕಟ್ಟುವ ಬಟ್ಟೆ ತಂದೆ. ಆ ಮುಂಗೈಯ ಮೇಲೆ ಸುಟ್ಟ ಕಲೆಗಳಿದ್ದವು. ಕಟ್ಟಲಾಗಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು ಎರಡು ಕೈಗಳನ್ನೂ ನನ್ನ ಕೈಯಲ್ಲಿ ಹಿಡಿದುಕೊಂಡೆ. “ಮಾದಾ” ಎಂದು ಕರೆದಳು. ಏನು ಮಾಡಬೇಕೋ ತಿಳಿಯದೆ “ಓ” ಎಂದೆ. ಅವಳ ಕೈ ಸ್ವಲ್ಪ ಸಡಿಲವಾಯಿತು. “ಎಲ್ಲಿದ್ದೀಯೆ?” ಎಂದಳು. ನಾನೂ ಬದನವಾಳಿನ ಕಡೆಯವನೇ. ಮನೆಯ ಮಾತು ತಾನಾಗಿ ಬಂತು. “ಇಲ್ಲೇ ಇವ್ನಿ ಕಣವ್ವ. ನೀ ಏಳ್ಬ್ಯಾಡ” ಎಂದೆ. “ಸಿದ್ದೀ” ಎಂದಳು. ಅದಕ್ಕೂ ಓ ಎಂದೆ. ಬಾಗಿಲಲ್ಲಿ ಕೂತಿದ್ದ ಕೆಂಪಯ್ಯ ಮಂಡಿಯ ನಡುವೆ ಮುಖ ಹುದುಗಿಸಿಕೊಂಡ.

ಆ ಮಧ್ಯಾಹ್ನ, ಮರುದಿನ, ಅದರ ಮರುದಿನದ ಬೆಳಿಗ್ಗೆ, ಬೇರೆ ಕೆಲಸವನ್ನೆಲ್ಲ ಬಿಟ್ಟು ನಾನು ಓಗೊಡುತ್ತ ಕೂತೆ. ಓಗೊಟ್ಟಾಗಲೆಲ್ಲ ಒಂದಿಷ್ಟು ಹೊತ್ತು ಅಲುಗಾಡದೆ ಮಲಗುತ್ತಿದ್ದಳು. ಒಂದೊಂದು ಸಲ ಬರೀ “ಕೂಸೇ” ಎನ್ನುತ್ತಿದ್ದಳು. ಹೆಸರಿಡದ ಆ ಎರಡು ಕೂಸುಗಳನ್ನು ಕರೆಯುತ್ತಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಅದಕ್ಕೆ ಮಾತ್ರ ಏನು ಹೇಳಬೇಕೋ ತೋಚದೆ ಕೈ ಒತ್ತಿ ಸುಮ್ಮನಿರುತ್ತಿದ್ದೆ. ನಾನು ಮಾಡುತ್ತಿರುವುದು ಚಿಕಿತ್ಸೆಯೋ, ಕಣ್ಣಿಲ್ಲದ ಮುದುಕಿಗೆ ಮಾಡುತ್ತಿರುವ ಮೋಸವೋ ಎಂದು ಮನಸ್ಸು ಹೊಯ್ದಾಡುತ್ತಿತ್ತು. ಐದನೆಯ ದಿನದ ಹೊತ್ತಿಗೆ ಅವಳು ಕರೆಯುವುದು ನಿಂತಿತು. ಹನಿ ನಿಲ್ಲಿಸಿದ್ದರಿಂದ ನಿಂತಿತೋ, ನೀರಿನಿಂದಲೋ, ನಾನು ಕೂತದ್ದರಿಂದಲೋ, ದೇವರಿಗೇ ಗೊತ್ತು. ಅದಾದ ಮೇಲಿನ ಶಿಬಿರಗಳಲ್ಲಿ ದೊಡ್ಡ ಡಾಕ್ಟರು ಹನಿ ಕಡಿಮೆ ಮಾಡಿದರು, ಕೈ ಕಟ್ಟುವುದನ್ನು ನಿಲ್ಲಿಸಿದರು, ಮನೆಯವರೊಬ್ಬರು ಸ್ನಾನ ಮಾಡಿ ಒಗೆದ ಬಟ್ಟೆಯುಟ್ಟು ಪಕ್ಕದಲ್ಲಿ ಕೂರಬಹುದು ಎಂದರು. ಬಡಬಡಿಸುವವರು ಕಡಿಮೆಯಾದರು. ಮೂರನ್ನೂ ಒಟ್ಟಿಗೆ ಬದಲಾಯಿಸಿದ್ದರಿಂದ ಯಾವುದರಿಂದ ಆಯಿತು ಎಂದು ಹೇಳುವುದು ಅವರಿಗೂ ಆಗಲಿಲ್ಲ. ಸಂಶೋಧನೆಯ ಆ ಅಧ್ಯಾಯವನ್ನು ಅವರು ಬರೆದು ಮುಗಿಸಲಿಲ್ಲ ಎಂದು ಕೇಳಿದ್ದೇನೆ.

ಆರನೆಯ ದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಕಣ್ಣು ತಿಳಿಯಾಗಿತ್ತು. ದೊಡ್ಡ ಡಾಕ್ಟರು ಎರಡು ಬೆರಳು ತೋರಿಸಿ “ಎಷ್ಟಮ್ಮ?” ಎಂದರು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. “ಎರಡು. ಉಗುರು ತಕ್ಕಳಪ್ಪ, ಒಳ್ಳೇ ಕೆಲ್ಸ ಮಾಡೋ ಕೈಯಿ” ಎಂದಳು. ಅವರು ಜೋರಾಗಿ ನಕ್ಕರು. ಕೆಂಪಯ್ಯ ಅವಳ ಮುಂದೆ ಬಂದು ನಿಂತ. ಅವಳು ಅವನ ಕೆನ್ನೆ ಸವರಿ “ನೀನೂ ನರ್ತೋದಲ್ಲೋ” ಎಂದಳು.

ದೊಡ್ಡ ಡಾಕ್ಟರು ರಿಜಿಸ್ಟರನ್ನು ನನ್ನ ಕಡೆ ತಳ್ಳಿದರು. “ಬುದ್ಧಿಯ ಕಾಲಂ ಖಾಲಿ ಇದೆ. ಆ ಮೂರು ದಿನ ಅವಳಿಗೆ ಅರಳುಮರಳು ಇತ್ತೋ ಇಲ್ಲವೋ, ಅವಳನ್ನೇ ಕೇಳಿ ಬರಿ. ಈ ಸಲ ಸರಿಯಾಗಿ ಕೇಳು” ಎಂದು ಹೊರಟರು.

ಸಾಕಮ್ಮ ಮುದ್ದೆಯ ತಟ್ಟೆ ತಂದಿಟ್ಟಿದ್ದಳು. ನಾನು ಸ್ಟೂಲಿನ ಮೇಲೆ ಕೂತು, ಲೇಖನಿ ಕೈಯಲ್ಲಿ ಹಿಡಿದು, ಬಹಳ ಯೋಚಿಸಿ ಕೇಳಿದೆ. “ಅವ್ವಾ, ನೀನು ಕರೆದಾಗೆಲ್ಲ ಓ ಅಂದದ್ದು ಯಾರು ಅಂತ ತಿಳಿದಿದ್ದೆ?”

“ಯಾರು ಅಂದ್ರೆ? ನೀನೇ. ನಿನ್ನ ದನಿ ನಂಗೊತ್ತಿಲ್ವಾ?”

“ಗೊತ್ತಿದ್ದೂ ಮಾದಾ ಅಂತ ಯಾಕೆ ಕರೆದೆ?”

“ಮೊದ್ಲು ಮಾದ ಬಂದಂಗೇ ಇತ್ತು ಕಣಪ್ಪ, ಸುಳ್ಯಾಕೆ ಯೋಳ್ಲಿ. ಆಮ್ಯಾಕೆ ನೀನು ಅಂತ ಗೊತ್ತಾಯ್ತು. ಗೊತ್ತಾದ್ರೂ ಕರೀತಾನೇ ಇದ್ದೆ. ಮೂವತ್ತೊರ್ಸದಿಂದ ಒಳಗೊಳಗೇ ಕರ್ದಿವ್ನಿ, ಯಾರೂ ಓಗೊಟ್ಟಿರ್ಲಿಲ್ಲ. ನೀನು ಓಗೊಟ್ಟೆ.”

ಲೇಖನಿಯನ್ನು ಎಲ್ಲಿ ಊರಬೇಕೋ ತಿಳಿಯಲಿಲ್ಲ. ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಹೇಳಿಯೇಬಿಟ್ಟೆ. “ನಾಲ್ವರಿಗೆ ಓ ಅಂದೆ ಅವ್ವಾ. ಆ ಎರಡು ಕೂಸುಗಳಿಗೆ ಏನು ಅನ್ನಬೇಕೋ ಗೊತ್ತಾಗದೆ ಸುಮ್ಮನಿದ್ದುಬಿಟ್ಟೆ.”

“ಅವುಕ್ಕೆಲ್ಲಿ ಮಾತು ಬತ್ತಿತ್ತಪ್ಪ” ಎಂದಳು ದೊಡ್ಡತಾಯಮ್ಮ. “ಕೈ ಇಡ್ಕೊಂಡು ಸುಮ್ಕಿದ್ದೆಯಲ್ಲ, ಅವೂ ಅಂಗೇ ಇದ್ವು.” ಹಾಗೆಂದು ಮುದ್ದೆ ಮುರಿದಳು.